ಎರಡನೆಯ ಜೇಮ್ಸ್ ಪಟ್ಟ ಕಳೆದುಕೊಂಡದ್ದು ಏಕೆ?

ಪ್ರಶ್ನೆ: ಇಂಗ್ಲೆಂಡಿನ ರಾಜ ಎರಡನೆಯ ಜೇಮ್ಸ್ ಕ್ಯಾಥೊಲಿಕ್ ಆಗಿದ್ದರಿಂದ 1688ರಲ್ಲಿ ಅವನನ್ನು ಪಟ್ಟದಿಂದ ಇಳಿಸಿದರು ಎಂದು ಪದವಿ ತರಗತಿಯಲ್ಲಿ ಓದಿದ್ದೆ. ಆದರೆ 1685ರಲ್ಲಿ ಪಟ್ಟಕ್ಕೇರುವಾಗಲೇ ಅವನ ಧರ್ಮ ಎಲ್ಲರಿಗೂ ಗೊತ್ತಿತ್ತಲ್ಲವೇ? ಗೊತ್ತಿದ್ದೂ ಒಪ್ಪಿಕೊಂಡವರು ಮೂರೇ ವರ್ಷದಲ್ಲಿ ತಿರುಗಿಬಿದ್ದದ್ದು ಏಕೆ? ಈ ಕ್ರಾಂತಿಗೂ ನಮ್ಮ ದೇಶಕ್ಕೂ ಏನಾದರೂ ನಂಟಿದೆಯೇ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಧರ್ಮವೊಂದೇ ಅಡ್ಡಿಯಾಗಿದ್ದರೆ ಜೇಮ್ಸ್ ಪಟ್ಟಕ್ಕೇ ಏರುತ್ತಿರಲಿಲ್ಲ. ಅವನನ್ನು ತಡೆಯುವ ಪ್ರಯತ್ನ ಜೋರಾಗಿಯೇ ನಡೆದಿತ್ತು, ಸೋತೂ ಹೋಗಿತ್ತು. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಆ ಸೋಲಿನಿಂದ; ಅಲ್ಲಿಂದಲೇ ಶುರುಮಾಡುತ್ತೇನೆ. (ಕೆಳಗಿನ ತಾರೀಕುಗಳೆಲ್ಲ ಆಗ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಹಳೆಯ ಕ್ಯಾಲೆಂಡರಿನವು. ಯುರೋಪಿನ ಬಹುಪಾಲು ದೇಶಗಳು ಹತ್ತು ದಿನ ಮುಂದಿದ್ದವು.)

ಜೇಮ್ಸ್ ಮತ ಬದಲಿಸಿದ್ದು ಬಯಲಾದದ್ದು 1673ರಲ್ಲಿ. ಆ ವರ್ಷ ಬಂದ ಟೆಸ್ಟ್ ಆಕ್ಟ್ ಪ್ರಕಾರ ಸರ್ಕಾರಿ ಹುದ್ದೆಯಲ್ಲಿದ್ದವರೆಲ್ಲ ಇಂಗ್ಲೆಂಡಿನ ಚರ್ಚಿನ ಪದ್ಧತಿಯಂತೆ ಪ್ರಸಾದ ಸ್ವೀಕರಿಸಿ, ಕ್ಯಾಥೊಲಿಕರ ಮುಖ್ಯ ನಂಬಿಕೆಯೊಂದನ್ನು ನಿರಾಕರಿಸಬೇಕಿತ್ತು. ಜೇಮ್ಸ್ ಆಗ ನೌಕಾಪಡೆಯ ಮುಖ್ಯಸ್ಥ. ಅವನು ಹುದ್ದೆಯನ್ನೇ ಬಿಟ್ಟ. ಅದೇ ವರ್ಷ ಇಟಲಿಯ ಮೊಡೆನಾದ ಕ್ಯಾಥೊಲಿಕ್ ರಾಜಕುಮಾರಿ ಮೇರಿಯನ್ನು ಎರಡನೇ ಮದುವೆಯಾದ. ಐದು ವರ್ಷದ ನಂತರ ಟೈಟಸ್ ಓಟ್ಸ್ ಎಂಬವನು, ರಾಜನನ್ನು ಕೊಲ್ಲಲು ಕ್ಯಾಥೊಲಿಕರು ಸಂಚು ಹೂಡಿದ್ದಾರೆ ಎಂದು ಹಸಿ ಸುಳ್ಳು ಹಬ್ಬಿಸಿದ. ಜನ ನಂಬಿದರು, ನಿರಪರಾಧಿಗಳು ಗಲ್ಲಿಗೇರಿದರು. ಆ ಭೀತಿಯಲ್ಲೇ 1679ರಿಂದ 1681ರವರೆಗೆ ಮೂರು ಪಾರ್ಲಿಮೆಂಟುಗಳಲ್ಲಿ ಜೇಮ್ಸ್‌ನನ್ನು ಉತ್ತರಾಧಿಕಾರದಿಂದ ಹೊರಗಿಡುವ ಮಾತು ಎದ್ದಿತು. ಹೊರಗಿಡಬೇಕು ಎಂದವರು ವಿಗ್‌ಗಳೆಂದೂ ರಾಜವಂಶದ ಕ್ರಮ ತಪ್ಪಬಾರದು ಎಂದವರು ಟೋರಿಗಳೆಂದೂ ಹೆಸರು ಪಡೆದರು. ಗೆದ್ದವರು ಟೋರಿಗಳು.

ಈ ಟೋರಿಗಳು ಯಾರು ಎಂಬುದನ್ನು ಮರೆಯಬೇಡಿ, ಮುಂದಿನ ಕಥೆಯೆಲ್ಲ ಅವರದೇ. ಹಳ್ಳಿಗಾಡಿನ ಜಮೀನ್ದಾರರು, ಇಂಗ್ಲೆಂಡಿನ ಚರ್ಚಿನ ಪಾದ್ರಿಗಳು, ಬಿಷಪ್ಪರು, ಜಿಲ್ಲೆಗಳ ಮ್ಯಾಜಿಸ್ಟ್ರೇಟರು. ಇವರಿಗೂ ಕ್ಯಾಥೊಲಿಕರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಅದಕ್ಕಿಂತ ಹೆಚ್ಚು ಹೆದರಿಕೆ ಇನ್ನೊಂದು ಅಂತರ್ಯುದ್ಧದ್ದು. 1649ರಲ್ಲಿ ಜೇಮ್ಸ್‌ನ ತಂದೆ ಮೊದಲನೆಯ ಚಾರ್ಲ್ಸ್‌ನ ತಲೆ ಕಡಿದದ್ದು, ಆಮೇಲೆ ಸೈನ್ಯದ ಆಳ್ವಿಕೆ ಬಂದದ್ದು, ಚರ್ಚಿನ ವ್ಯವಸ್ಥೆಯೇ ಚೂರಾದದ್ದು ಇವರಿಗೆ ನೆನಪಿತ್ತು. ದೇವರು ಕೊಟ್ಟ ರಾಜನ ಮೇಲೆ ಕೈಯೆತ್ತಬಾರದು ಎಂದು ಪೀಠದಿಂದ ಬೋಧಿಸುತ್ತಿದ್ದವರೂ ಇವರೇ.

ಇನ್ನೊಂದು ಲೆಕ್ಕಾಚಾರವೂ ಇತ್ತು. 1685ರ ಫೆಬ್ರವರಿಯಲ್ಲಿ ಅಣ್ಣ ಎರಡನೆಯ ಚಾರ್ಲ್ಸ್ ತೀರಿಕೊಂಡು ಜೇಮ್ಸ್ ಪಟ್ಟಕ್ಕೆ ಬಂದಾಗ ಅವನಿಗೆ 51 ವರ್ಷ. ಗಂಡು ಮಕ್ಕಳಿರಲಿಲ್ಲ. ಎರಡನೇ ಹೆಂಡತಿಗೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಮೊದಲ ಹೆಂಡತಿಯ ಹೆಣ್ಣುಮಕ್ಕಳಾದ ಮೇರಿ, ಆನ್ ಇಬ್ಬರೂ ಪ್ರಾಟೆಸ್ಟೆಂಟರಾಗಿ ಬೆಳೆದವರು. ಮೇರಿಯ ಗಂಡ ಆರೆಂಜ್ ಮನೆತನದ ವಿಲಿಯಂ, ಡಚ್ಚರ ನಾಯಕ, ಯುರೋಪಿನ ಪ್ರಾಟೆಸ್ಟೆಂಟರ ಆಸರೆ. ಇನ್ನು ಹತ್ತಿಪ್ಪತ್ತು ವರ್ಷ ತಾಳಿಕೊಂಡರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ಜನ ಅಂದುಕೊಂಡರು. ಪಟ್ಟಕ್ಕೇರಿದ ದಿನವೇ ಜೇಮ್ಸ್ ಕೂಡ, ಕಾನೂನಿನಲ್ಲಿರುವಂತೆ ಚರ್ಚನ್ನೂ ಸರ್ಕಾರವನ್ನೂ ಕಾಪಾಡುತ್ತೇನೆ ಎಂದು ಮಾತು ಕೊಟ್ಟ. ಆ ಮೇ ತಿಂಗಳಲ್ಲಿ ಸೇರಿದ ಕಾಮನ್ಸ್ ಸಭೆಯ 513 ಸದಸ್ಯರಲ್ಲಿ ವಿಗ್‌ಗಳು ಅರವತ್ತರ ಒಳಗೆ. ಆ ಸಭೆ ಅವನಿಗೆ ಜೀವಮಾನವಿಡೀ ಕೈತುಂಬ ಆದಾಯ ಮಂಜೂರು ಮಾಡಿತು. ಅಷ್ಟು ಗಟ್ಟಿಯಾದ ಸಿಂಹಾಸನ ಅವನ ಅಣ್ಣನಿಗೂ ಸಿಕ್ಕಿರಲಿಲ್ಲ.

ಮೊದಲ ಬಿರುಕು ಬಿಟ್ಟದ್ದು ಒಂದು ಗೆಲುವಿನಿಂದ. 1685ರ ಜೂನ್‌ನಲ್ಲಿ ಚಾರ್ಲ್ಸ್‌ನ ಅಕ್ರಮ ಮಗ, ಪ್ರಾಟೆಸ್ಟೆಂಟ್ ಡ್ಯೂಕ್ ಮನ್‌ಮತ್, ಪಶ್ಚಿಮ ಇಂಗ್ಲೆಂಡಿನಲ್ಲಿ ದಂಡೆದ್ದ. ಜುಲೈ 6ರಂದು ಸೆಜ್‌ಮೂರ್‌ನಲ್ಲಿ ಸೋತ, ತಲೆ ಕಳೆದುಕೊಂಡ. ಅವನ ಬೆನ್ನಿಗೆ ನಿಂತ ರೈತರನ್ನೂ ನೇಕಾರರನ್ನೂ ನ್ಯಾಯಾಧೀಶ ಜೆಫ್ರೀಸ್ ಊರೂರಿಗೆ ಹೋಗಿ ವಿಚಾರಿಸಿದ. ನೂರಾರು ಜನ ಗಲ್ಲಿಗೇರಿದರು, ನೂರಾರು ಜನರನ್ನು ವೆಸ್ಟ್ ಇಂಡೀಸಿಗೆ ಸಾಗಿಸಿದರು. ಓಡಿಬಂದವರಿಗೆ ಮನೆಯಲ್ಲಿ ಜಾಗ ಕೊಟ್ಟ ತಪ್ಪಿಗೆ ವಯಸ್ಸಾದ ಆಲಿಸ್ ಲೈಲ್ ಎಂಬಾಕೆಯ ತಲೆ ಹೋಯಿತು. ಜನರಿಗೆ ಇದು ನೋವಾಯಿತು, ಆದರೆ ಟೋರಿಗಳು ಕೆರಳಲಿಲ್ಲ, ದಂಗೆಕೋರರಿಗೆ ತಕ್ಕ ಶಾಸ್ತಿ ಎಂದರು. ಅವರು ಬೆಚ್ಚಿದ್ದು ಆಮೇಲಿನದಕ್ಕೆ. ದಂಗೆ ಅಡಗಿದರೂ ಜೇಮ್ಸ್ ಸೈನ್ಯವನ್ನು ಕರಗಿಸಲಿಲ್ಲ. ಹತ್ತು ಸಾವಿರದ ಒಳಗಿದ್ದ ಸೈನ್ಯ ಇಪ್ಪತ್ತು ಸಾವಿರದ ಹತ್ತಿರ ಬಂದಿತ್ತು. ಪ್ರತಿ ಬೇಸಿಗೆ ಲಂಡನ್ನಿನ ಮಗ್ಗುಲಲ್ಲೇ ಹಂಸ್ಲೋ ಹೀತ್ ಬಯಲಿನಲ್ಲಿ ಅದು ಬೀಡುಬಿಡತೊಡಗಿತು. ಟೆಸ್ಟ್ ಆಕ್ಟಿಗೆ ವಿರುದ್ಧವಾಗಿ ಅದರಲ್ಲಿ ಕ್ಯಾಥೊಲಿಕ್ ಅಧಿಕಾರಿಗಳೂ ಇದ್ದರು. ಆ ಅಕ್ಟೋಬರಿನಲ್ಲೇ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ತನ್ನ ಪ್ರಾಟೆಸ್ಟೆಂಟ್ ಪ್ರಜೆಗಳಿಗೆ ರಕ್ಷಣೆ ಕೊಟ್ಟಿದ್ದ ನಾಂಟ್ ಶಾಸನವನ್ನು ರದ್ದುಮಾಡಿದ. ಮನೆಮಠ ಬಿಟ್ಟು ಬಂದ ಯೂಗನೋ ನಿರಾಶ್ರಿತರು ಲಂಡನ್ನಿನ ಬೀದಿಗಳಲ್ಲಿ ಇಳಿದರು. ಕ್ಯಾಥೊಲಿಕ್ ರಾಜನ ಕೈಯಲ್ಲಿ ಸೈನ್ಯವಿದ್ದರೆ ಏನಾಗುತ್ತದೆ ಎಂಬುದನ್ನು ಇಂಗ್ಲಿಷರು ಪತ್ರಿಕೆಯಲ್ಲಿ ಓದಬೇಕಿರಲಿಲ್ಲ, ಪಕ್ಕದ ಮನೆಯವರಿಂದಲೇ ಕೇಳಬಹುದಿತ್ತು. ನವೆಂಬರಿನಲ್ಲಿ ಅವನದೇ ನಿಷ್ಠಾವಂತ ಪಾರ್ಲಿಮೆಂಟು ಈ ಅಧಿಕಾರಿಗಳ ಬಗ್ಗೆ ಆಕ್ಷೇಪ ಎತ್ತಿತು. 20ನೇ ತಾರೀಕು ಜೇಮ್ಸ್ ಅದನ್ನು ಮುಂದೂಡಿದ. ಅವನ ಆಳ್ವಿಕೆ ಮುಗಿಯುವವರೆಗೆ ಪಾರ್ಲಿಮೆಂಟು ಮತ್ತೆ ಸೇರಲಿಲ್ಲ.

ಇಲ್ಲಿಂದ ಜೇಮ್ಸ್ ಹಿಡಿದ ದಾರಿಯನ್ನು ಒಂದು ಮೊಕದ್ದಮೆಯಲ್ಲಿ ಚೆನ್ನಾಗಿ ನೋಡಬಹುದು. ಸರ್ ಎಡ್ವರ್ಡ್ ಹೇಲ್ಸ್ ಎಂಬ ಕ್ಯಾಥೊಲಿಕ್ ಕರ್ನಲ್‌ನ ಮೇಲೆ ಅವನ ಸಾರೋಟಿನ ಚಾಲಕ ಗಾಡನ್ ದಾವೆ ಹೂಡಿದ. ಟೆಸ್ಟ್ ಆಕ್ಟ್ ಮುರಿದವರ ಮೇಲೆ ದೂರು ಕೊಟ್ಟವನಿಗೆ 500 ಪೌಂಡು ಸಿಗುತ್ತಿತ್ತು. ಆದರೆ ಇದು ಹಣದಾಸೆಯ ದಾವೆಯಲ್ಲ, ಒಡೆಯನೂ ಆಳೂ ಕೂಡಿ ಹೂಡಿದ್ದು. ರಾಜ ತನಗೆ ಕಾಯ್ದೆಯಿಂದ ವಿನಾಯಿತಿ ಕೊಟ್ಟಿದ್ದಾನೆ ಎಂದು ಹೇಲ್ಸ್ ಪತ್ರ ತೋರಿಸಿದ. ಆ ವಿನಾಯಿತಿ ನಡೆಯುತ್ತದೆ ಎಂದು ಕೋರ್ಟಿನ ಬಾಯಲ್ಲಿ ಹೇಳಿಸುವುದೇ ಇಡೀ ದಾವೆಯ ಉದ್ದೇಶ. ತನಗೆ ಒಗ್ಗದ ನ್ಯಾಯಾಧೀಶರನ್ನು ಜೇಮ್ಸ್ ಮೊದಲೇ ತೆಗೆದುಹಾಕಿದ್ದ. 1686ರ ಜೂನ್‌ನಲ್ಲಿ ಹನ್ನೆರಡು ನ್ಯಾಯಾಧೀಶರಲ್ಲಿ ಹನ್ನೊಂದು ಮಂದಿ ಹೇಲ್ಸ್ ಪರ ನಿಂತರು.

ಒಬ್ಬ ಕರ್ನಲ್‌ಗೆ ವಿನಾಯಿತಿ ಸಿಕ್ಕಿದ್ದು ದೊಡ್ಡ ಮಾತಲ್ಲ. ಹಿಂದಿನ ರಾಜರೂ ಅಲ್ಲೊಂದು ಇಲ್ಲೊಂದು ವಿನಾಯಿತಿ ಕೊಟ್ಟವರೇ. ಆದರೆ ಪಾರ್ಲಿಮೆಂಟು ಮಾಡಿದ ಕಾಯ್ದೆಯನ್ನು ಯಾರ ಮಟ್ಟಿಗೆ ಬೇಕಾದರೂ ರಾಜ ಬದಿಗಿಡಬಹುದು ಎಂದಾದರೆ ಆ ಕಾಯ್ದೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಕಾನೂನನ್ನು ಕಾಯಬೇಕಾದವನೇ ಹೀಗೆ ಮಾಡಿದಾಗ ಟೋರಿಗಳಿಗೆ ಅನಿಸಿದ್ದು ನಮ್ಮ ಗಾದೆಯದೇ: ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಮೇಯ್ದದ್ದು ಅವರ ಹೊಲವನ್ನೇ. 1686ರ ಬೇಸಿಗೆಯಲ್ಲಿ ಚರ್ಚನ್ನು ಹದ್ದುಬಸ್ತಿನಲ್ಲಿಡಲು ಜೇಮ್ಸ್ ಒಂದು ಆಯೋಗ ನೇಮಿಸಿದ. ಕ್ಯಾಥೊಲಿಕರ ವಿರುದ್ಧ ಉಪದೇಶ ಮಾಡಿದ ಪಾದ್ರಿಯನ್ನು ತಡೆಯಲಿಲ್ಲ ಎಂದು ಲಂಡನ್ನಿನ ಬಿಷಪ್ ಕಾಂಪ್ಟನ್ ಅಮಾನತಾದ. ಮರುವರ್ಷ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಸರದಿ. ತಾನು ಹೇಳಿದವನನ್ನೇ ಅಧ್ಯಕ್ಷನನ್ನಾಗಿ ಆರಿಸಿ ಎಂದು ಜೇಮ್ಸ್ ಆಜ್ಞೆ ಕಳಿಸಿದ. ಕಾಲೇಜಿನ ಫೆಲೋಗಳು, ಅಂದರೆ ಅದರ ಆಡಳಿತ ನೋಡಿಕೊಳ್ಳುವ ವಿದ್ವಾಂಸರು, ನಿಯಮದ ಪ್ರಕಾರ ಜಾನ್ ಹಫ್‌ನನ್ನು ಆರಿಸಿದರು. ಜೇಮ್ಸ್ ಸ್ವತಃ ಆಕ್ಸ್‌ಫರ್ಡಿಗೆ ಹೋಗಿ ಗದರಿದ, ಅವರು ಜಗ್ಗಲಿಲ್ಲ, ನವೆಂಬರಿನಲ್ಲಿ ಇಪ್ಪತ್ತೈದು ಫೆಲೋಗಳು ಹೊರಬಿದ್ದರು. ಒಂದು ಕಾಲೇಜಿನ ಜಗಳಕ್ಕೆ ದೇಶವೇ ಏಕೆ ಕೆರಳಬೇಕು ಎಂದು ನಿಮಗೆ ಅನಿಸಬಹುದು. ಫೆಲೋ ಪದವಿಯನ್ನು ಅಲ್ಲಿನ ಕಾನೂನು ಜಮೀನಿನ ಹಾಗೆ ಸ್ವಂತ ಸ್ವತ್ತು ಎಂದೇ ಎಣಿಸುತ್ತಿತ್ತು. ಇವತ್ತು ವಿದ್ವಾಂಸರ ಸ್ವತ್ತನ್ನು ಹೀಗೆ ಕಿತ್ತುಕೊಂಡವನು ನಾಳೆ ನನ್ನ ಎಸ್ಟೇಟನ್ನು ಬಿಟ್ಟಾನೆಯೇ ಎಂದು ಪ್ರತಿ ಜಮೀನ್ದಾರನೂ ಕೇಳಿಕೊಂಡ.

ಅದೇ ಜಮೀನ್ದಾರರ ಬಾಗಿಲಿಗೆ ಆ ಚಳಿಗಾಲದಲ್ಲಿ ಮೂರು ಪ್ರಶ್ನೆಗಳು ಬಂದವು. ನೀವು ಪಾರ್ಲಿಮೆಂಟಿಗೆ ಆರಿಸಿಬಂದರೆ ಟೆಸ್ಟ್ ಆಕ್ಟನ್ನೂ ಕ್ಯಾಥೊಲಿಕರ ಮೇಲಿನ ಇತರ ಕಾಯ್ದೆಗಳನ್ನೂ ತೆಗೆದುಹಾಕಲು ಮತ ಹಾಕುತ್ತೀರಾ? ಹಾಗೆ ಮತ ಹಾಕುವವರನ್ನು ಆರಿಸಲು ನೆರವಾಗುತ್ತೀರಾ? ಎಲ್ಲ ಪಂಥದವರ ಜೊತೆ ಸೌಹಾರ್ದದಿಂದ ಬಾಳುತ್ತೀರಾ? ಜಿಲ್ಲೆ ಜಿಲ್ಲೆಯಲ್ಲೂ ಮ್ಯಾಜಿಸ್ಟ್ರೇಟರನ್ನು ಕೇಳಿ ಉತ್ತರ ಬರೆದುಕೊಂಡರು. ಮೂರನೆಯದಕ್ಕೆ ಹೆಚ್ಚಿನವರು ಹೌದೆಂದರು. ಮೊದಲೆರಡಕ್ಕೆ, ಸಭೆಯಲ್ಲಿ ಚರ್ಚೆ ಕೇಳದೆ ಈಗಲೇ ಹೇಳಲಾಗದು ಎಂದು ಜಾರಿಕೊಂಡರು. ಜಾರಿಕೊಂಡವರ ಹುದ್ದೆ ಹೋಯಿತು. ತಲೆಮಾರುಗಳಿಂದ ಜಿಲ್ಲೆಯ ಆಡಳಿತ ನಡೆಸಿದ ಮನೆತನಗಳು ಮೂಲೆಗೆ ಸರಿದವು, ಊರುಗಳ ಪೌರಸಭೆಗಳಲ್ಲಿ ಹಳಬರನ್ನು ತೆಗೆದು ಹೊಸಬರನ್ನು ತುಂಬಿದರು. ನನ್ನ ಮಟ್ಟಿಗೆ ಜೇಮ್ಸ್‌ನ ಪತನದ ನಿಜವಾದ ಬೇರು ಇಲ್ಲಿದೆ. ಅವನಿಗೆ ಸಂಬಳದ ಅಧಿಕಾರಿವರ್ಗ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. ತೆರಿಗೆ, ಪೊಲೀಸು, ನ್ಯಾಯ, ಊರ ಕಾವಲುಪಡೆ ಎಲ್ಲವೂ ನಡೆಯುತ್ತಿದ್ದದ್ದು ಈ ಸಂಬಳವಿಲ್ಲದ ಟೋರಿ ಜಮೀನ್ದಾರರ ಕೈಯಲ್ಲಿ. ಅವರನ್ನು ತೆಗೆದುಹಾಕಿದ ಮೇಲೆ ಅಪಾಯ ಬಂದಾಗ ಕರೆಯಲು ಯಾರೂ ಉಳಿಯಲಿಲ್ಲ.

ಜೇಮ್ಸ್ ಕೇಳಿದ್ದರಲ್ಲಿ ಒಂದು ಪಾಲು ಇವತ್ತಿನ ನಮ್ಮ ಕಣ್ಣಿಗೆ ನ್ಯಾಯವಾದದ್ದೇ, ಇದನ್ನು ಒಪ್ಪಿಕೊಳ್ಳಲೇಬೇಕು. 1687ರ ಏಪ್ರಿಲ್‌ನಲ್ಲಿ ಹೊರಡಿಸಿದ ಘೋಷಣೆಯಲ್ಲಿ ಅವನು ಕ್ಯಾಥೊಲಿಕರಿಗಷ್ಟೇ ಅಲ್ಲ, ಇಂಗ್ಲೆಂಡಿನ ಚರ್ಚಿನಿಂದ ಹೊರಗಿದ್ದ ಪ್ರಾಟೆಸ್ಟೆಂಟರಿಗೂ ಕ್ವೇಕರರಿಗೂ ಪೂಜೆಯ ಸ್ವಾತಂತ್ರ್ಯ ಕೊಟ್ಟ. ಎಷ್ಟೋ ಕ್ವೇಕರರು ಜೈಲಿನಿಂದ ಹೊರಬಂದರು. ಪೆನ್ಸಿಲ್ವೇನಿಯಾ ಕಟ್ಟಿದ ವಿಲಿಯಂ ಪೆನ್ ಅವನ ಬೆಂಬಲಕ್ಕೆ ನಿಂತಿದ್ದ. ಅವನ ವಿರೋಧಿಗಳಲ್ಲಿ ಎಷ್ಟೋ ಮಂದಿ ಈ ಸ್ವಾತಂತ್ರ್ಯವನ್ನು ದ್ವೇಷದಿಂದಲೇ ವಿರೋಧಿಸಿದರು. ದೇಶದಲ್ಲಿ ಕ್ಯಾಥೊಲಿಕರ ಸಂಖ್ಯೆ ನೂರಕ್ಕೆ ಎರಡನ್ನೂ ದಾಟುತ್ತಿರಲಿಲ್ಲ, ಅವರ ಬಗ್ಗೆ ಇದ್ದ ಭಯ ಅದರ ಎಷ್ಟೋ ಪಟ್ಟು. ಆದರೂ ಪಾರ್ಲಿಮೆಂಟನ್ನು ಒಪ್ಪಿಸಿ ಪಡೆಯಬೇಕಾದದ್ದನ್ನು ಅವನು ಆಜ್ಞೆಯಿಂದ ಕೊಟ್ಟ. ರಾಜ ಆಜ್ಞೆಯಿಂದ ಕೊಟ್ಟದ್ದನ್ನು ಆಜ್ಞೆಯಿಂದಲೇ ಹಿಂದಕ್ಕೆ ಪಡೆಯಬಹುದು ಎಂಬುದು ಆ ಹೊರಗಿನ ಪ್ರಾಟೆಸ್ಟೆಂಟರಲ್ಲೂ ಅನೇಕರಿಗೆ ಹೊಳೆದಿತ್ತು.

1688ರ ಮೇ ತಿಂಗಳಲ್ಲಿ ಈ ಘೋಷಣೆಯನ್ನು ಎಲ್ಲ ಚರ್ಚುಗಳಲ್ಲೂ ಎರಡು ಭಾನುವಾರ ಓದಬೇಕು ಎಂದು ಅಪ್ಪಣೆಯಾಯಿತು. ಲಂಡನ್ನಿನಲ್ಲಿ ಮೊದಲ ಓದು 20ರಂದು. 18ರ ಸಂಜೆ ಆರು ಮಂದಿ ಬಿಷಪ್ಪರು ವೈಟ್‌ಹಾಲ್ ಅರಮನೆಗೆ ಬಂದು ರಾಜನ ಮುಂದೆ ಮಂಡಿಯೂರಿ ಒಂದು ಮನವಿ ಕೊಟ್ಟರು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಯಾಂಕ್ರಾಫ್ಟ್ ತನ್ನ ಕೈಬರಹದಲ್ಲೇ ಅದನ್ನು ಬರೆದಿದ್ದ. ಅರಮನೆಗೆ ಬರಬಾರದು ಎಂಬ ಕಟ್ಟಳೆ ಇದ್ದುದರಿಂದ ಜೊತೆಗೆ ಬರಲಿಲ್ಲ. ಮನವಿಯ ಮಾತು ವಿನಯದ್ದು, ಅರ್ಥ ಮಾತ್ರ ಖಂಡಿತ: ಕಾಯ್ದೆಗಳನ್ನು ಬದಿಗಿಡುವ ಅಧಿಕಾರ ಕಾನೂನುಬದ್ಧವಲ್ಲವೆಂದು ಪಾರ್ಲಿಮೆಂಟು ಹಲವು ಸಲ ಹೇಳಿದೆ, ಆದ್ದರಿಂದ ಈ ಘೋಷಣೆಯನ್ನು ಹಂಚಲು ನಮಗೆ ಮನಸ್ಸೊಪ್ಪುವುದಿಲ್ಲ. ಓದಿದ ಜೇಮ್ಸ್ ಇದು ದಂಗೆಯ ಬಾವುಟ ಎಂದು ಕೂಗಾಡಿದ. ಅದೇ ರಾತ್ರಿ ಮನವಿ ಅಚ್ಚಾಗಿ ಲಂಡನ್ನಿನ ಬೀದಿಗಳಲ್ಲಿ ಹರಿದಾಡಿತು. ಭಾನುವಾರ ಲಂಡನ್ನಿನಲ್ಲಿ ಘೋಷಣೆ ಓದಿದ ಚರ್ಚುಗಳು ಬೆರಳೆಣಿಕೆಯಷ್ಟು.

ಜೇಮ್ಸ್ ಏಳೂ ಜನರ ಮೇಲೆ ರಾಜದ್ರೋಹದ ಬರಹದ ಮೊಕದ್ದಮೆ ಹಾಕಿದ. ಜೂನ್ 8ರಂದು ಅವರನ್ನು ದೋಣಿಯಲ್ಲಿ ಲಂಡನ್ ಗೋಪುರದ ಸೆರೆಮನೆಗೆ ಒಯ್ದರು. ನದಿಯ ದಡದಲ್ಲಿ ಜನ ಮಂಡಿಯೂರಿ ಆಶೀರ್ವಾದ ಕೇಳಿದರು. ಗೋಪುರದ ಆಗಿನ ಅಧಿಕಾರಿ ಯಾರು ಗೊತ್ತೇ? ಸಾರೋಟಿನ ಚಾಲಕನ ಕೈಯಲ್ಲಿ ದಾವೆ ಹೂಡಿಸಿಕೊಂಡ ಅದೇ ಎಡ್ವರ್ಡ್ ಹೇಲ್ಸ್. ಜೂನ್ 29ರಂದು ವಿಚಾರಣೆ ನಡೆಯಿತು. ನಾಲ್ವರು ನ್ಯಾಯಾಧೀಶರಲ್ಲಿ ಇಬ್ಬರು ಬಿಷಪ್ಪರ ಪರ ಮಾತಾಡಿದರು. ಅವರಲ್ಲೊಬ್ಬನಾದ ಪವೆಲ್, ಇಂಥ ಅಧಿಕಾರವನ್ನು ಒಪ್ಪಿಕೊಂಡರೆ ಪಾರ್ಲಿಮೆಂಟಿನ ಅಗತ್ಯವೇ ಇರುವುದಿಲ್ಲ ಎಂದು ನೇರವಾಗಿ ಹೇಳಿದ. ಆಮೇಲೆ ಆ ಇಬ್ಬರ ಕೆಲಸವೂ ಹೋಯಿತು. ಜ್ಯೂರಿ ರಾತ್ರಿಯಿಡೀ ಕೂತು ಮಾರನೇ ಬೆಳಿಗ್ಗೆ ನಿರಪರಾಧಿಗಳು ಎಂದಿತು. ಊರೆಲ್ಲ ದೀಪ, ಗಂಟೆ. ಜೇಮ್ಸ್‌ನ ಎದೆ ಒಡೆದದ್ದು ಹಂಸ್ಲೋ ಹೀತ್‌ನಲ್ಲಿ. ಲಂಡನ್ನನ್ನು ಹೆದರಿಸಲೆಂದು ಅಲ್ಲಿ ಬೀಡುಬಿಡಿಸಿದ್ದ ಅವನದೇ ಸೈನಿಕರು ಆ ಸುದ್ದಿಗೆ ಜಯಕಾರ ಹಾಕಿದರು.

ಈ ಗಲಾಟೆಯ ನಡುವೆಯೇ, ಜೂನ್ 10ರಂದು, ರಾಣಿಗೆ ಗಂಡು ಮಗು ಹುಟ್ಟಿತ್ತು.

ಸುಮ್ಮನೆ ಕಾದರೆ ಸಾಕು ಎಂಬ 1685ರ ಲೆಕ್ಕ ಅಂದಿಗೆ ಮುಗಿಯಿತು. ಅಕ್ಕ ಮೇರಿಯನ್ನು ಹಿಂದಿಕ್ಕಿ ಈ ಕೂಸು ಯುವರಾಜನಾಯಿತು, ಅದರ ಹಿಂದೆ ಕ್ಯಾಥೊಲಿಕ್ ರಾಜರ ಸಾಲೇ ಕಾಣಿಸಿತು. ಮಗು ರಾಣಿಯದಲ್ಲ, ಹಾಸಿಗೆ ಬೆಚ್ಚಗಿಡುವ ಕೆಂಡದ ಬಾಣಲೆಯಲ್ಲಿ ಬಚ್ಚಿಟ್ಟು ಯಾರದೋ ಕೂಸನ್ನು ತಂದರು ಎಂಬ ಪುಕಾರು ಹಬ್ಬಿತು. ಶುದ್ಧ ಸುಳ್ಳು, ಹೆರಿಗೆಯ ಕೋಣೆಯಲ್ಲಿ ಹತ್ತಾರು ಸಾಕ್ಷಿಗಳಿದ್ದರು. ಅಕ್ಟೋಬರಿನಲ್ಲಿ ಜೇಮ್ಸ್ ಅವರನ್ನೆಲ್ಲ ಕರೆಸಿ ಮಂತ್ರಾಲೋಚನೆ ಸಭೆಯಲ್ಲಿ ಹೇಳಿಕೆ ಕೊಡಿಸಿದ. ತನ್ನ ಮಗ ತನ್ನ ಮಗನೇ ಎಂದು ಒಬ್ಬ ರಾಜ ಸಾಕ್ಷಿ ಹಾಕಿಸಬೇಕಾಗಿ ಬಂತು. ಇಷ್ಟಾದರೂ ನಂಬದವರು ನಂಬಲಿಲ್ಲ, ನಂಬುವುದು ಅವರಿಗೆ ಬೇಕಿರಲಿಲ್ಲ.

ಬಿಷಪ್ಪರು ಬಿಡುಗಡೆಯಾದ ಜೂನ್ 30ರಂದೇ ಏಳು ಮಂದಿ ಪ್ರಮುಖರು ವಿಲಿಯಂಗೆ ಗುಟ್ಟಿನ ಪತ್ರ ಬರೆದರು. ಅದರಲ್ಲಿ ವಿಗ್‌ಗಳ ಜೊತೆಗೆ ಟೋರಿ ಮುಖಂಡ ಡ್ಯಾನ್‌ಬಿಯೂ ಅಮಾನತಾಗಿದ್ದ ಬಿಷಪ್ ಕಾಂಪ್ಟನ್ನನೂ ಇದ್ದರು. ಇಪ್ಪತ್ತರಲ್ಲಿ ಹತ್ತೊಂಬತ್ತು ಮಂದಿ ಬದಲಾವಣೆ ಬಯಸುತ್ತಿದ್ದಾರೆ, ಬೇಗ ಬನ್ನಿ ಎಂಬುದು ಅದರ ಸಾರ. ನೌಕಾಪಡೆಯ ಅಧಿಕಾರಿ ಆರ್ಥರ್ ಹರ್ಬರ್ಟ್ ಸಾಮಾನ್ಯ ನಾವಿಕನ ವೇಷದಲ್ಲಿ ಅದನ್ನು ಸಾಗಿಸಿದ.

ಇಂಗ್ಲೆಂಡಿನ ಕಾರಣಗಳಷ್ಟನ್ನೇ ಹೇಳಿ ನಿಲ್ಲಿಸುವ ಪುಸ್ತಕಗಳ ಮೇಲೆ ನನಗೆ ತಕರಾರಿದೆ. ಕರೆದ ಮಾತ್ರಕ್ಕೆ ಯಾರೂ ಸೈನ್ಯ ಕಟ್ಟಿಕೊಂಡು ಚಳಿಗಾಲದ ಸಮುದ್ರ ದಾಟುವುದಿಲ್ಲ. ಆಮಂತ್ರಣ ಕಳಿಸಿದರೆ ಬರುತ್ತೇನೆ ಎಂದು ವಿಲಿಯಂ ಏಪ್ರಿಲ್‌ನಲ್ಲೇ ತಿಳಿಸಿದ್ದ. 1672ರಲ್ಲಿ ಫ್ರಾನ್ಸೂ ಇಂಗ್ಲೆಂಡೂ ಒಟ್ಟಾಗಿ ಡಚ್ಚರ ಮೇಲೆ ಬಿದ್ದು ಅವರ ದೇಶ ಮುಳುಗುವ ಸ್ಥಿತಿಗೆ ಬಂದಿತ್ತು. ಇಪ್ಪತ್ತೆರಡು ತುಂಬುವ ಮೊದಲೇ ವಿಲಿಯಂ ನಾಯಕನಾದದ್ದು ಆ ವರ್ಷವೇ. ಲೂಯಿಯ ಜೊತೆ ಇಂಗ್ಲೆಂಡು ಮತ್ತೆ ಕೈಜೋಡಿಸದಂತೆ ನೋಡಿಕೊಳ್ಳುವುದು ಅವನ ಬದುಕಿನ ಕೆಲಸ. ಸಾಮಾನ್ಯವಾಗಿ ಅವನ ಯುದ್ಧಗಳಿಗೆ ದುಡ್ಡು ಬಿಚ್ಚದ ಆಮ್‌ಸ್ಟರ್‌ಡ್ಯಾಮಿನ ವರ್ತಕರನ್ನು ಲೂಯಿಯೇ ಅವನ ಕಡೆಗೆ ತಳ್ಳಿದ: ಡಚ್ಚರ ಹೆರಿಂಗ್ ಮೀನಿನ ವ್ಯಾಪಾರಕ್ಕೆ ಅಡ್ಡಹಾಕಿದ, ಸುಂಕ ಏರಿಸಿದ, ಫ್ರೆಂಚ್ ಬಂದರುಗಳಲ್ಲಿದ್ದ ಡಚ್ ಹಡಗುಗಳನ್ನು ಹಿಡಿದಿಟ್ಟ. ಸೆಪ್ಟೆಂಬರಿನಲ್ಲಿ ಲೂಯಿಯ ಸೈನ್ಯ ರೈನ್ ನದಿಯ ದಡದ ಫಿಲಿಪ್ಸ್‌ಬರ್ಗ್ ಕೋಟೆಗೆ ಮುತ್ತಿಗೆ ಹಾಕಿತು. ಡಚ್ಚರ ಗಡಿಯ ಮೇಲಿನ ಒತ್ತಡ ಇಳಿಯಿತು, ವಿಲಿಯಂಗೆ ದಾರಿ ತೆರೆಯಿತು.

ಅಪಾಯ ಮನಗಂಡ ಜೇಮ್ಸ್ ಅಕ್ಟೋಬರಿನಲ್ಲಿ ಎಲ್ಲವನ್ನೂ ಹಿಂದಕ್ಕೆ ಪಡೆದ. ಆಯೋಗ ರದ್ದಾಯಿತು, ಪೌರಸಭೆಗಳ ಹಕ್ಕುಪತ್ರ ಮರಳಿತು, ಮಾಡ್ಲಿನ್‌ನ ಫೆಲೋಗಳು ಕಾಲೇಜಿಗೆ ವಾಪಸಾದರು. ಕಾಲ ಮಿಂಚಿತ್ತು. ಸುಮಾರು 15,000 ಸೈನಿಕರೊಂದಿಗೆ ವಿಲಿಯಂ ನವೆಂಬರ್ 5ರಂದು ಟಾರ್‌ಬೇಯಲ್ಲಿ ಇಳಿದ. ಅವನನ್ನು ದಾಟಿಸಿದ ಗಾಳಿಯೇ ಇಂಗ್ಲೆಂಡಿನ ನೌಕಾಪಡೆಯನ್ನು ಥೇಮ್ಸ್ ಅಳಿವೆಯ ಆಚೆ ಕಟ್ಟಿಹಾಕಿತ್ತು. ಜೇಮ್ಸ್‌ನ ಸೈನ್ಯ ಅದಕ್ಕಿಂತ ದೊಡ್ಡದು. ಆದರೂ ಸಾಲಿಸ್‌ಬರಿಯವರೆಗೆ ಹೋದ ಅವನು ಯುದ್ಧವನ್ನೇ ಮಾಡಲಿಲ್ಲ. ಮೂಗಿನಿಂದ ರಕ್ತ ಸುರಿಯುತ್ತಿತ್ತು, ನಿದ್ದೆಯಿರಲಿಲ್ಲ. ತಾನೇ ಬೆಳೆಸಿದ ಸೇನಾನಿ ಜಾನ್ ಚರ್ಚಿಲ್ ರಾತ್ರೋರಾತ್ರಿ ವಿಲಿಯಂನ ಕಡೆ ಹೋದ. ಲಂಡನ್ನಿಗೆ ಮರಳಿದರೆ ಮಗಳು ಆನ್ ಕೂಡ ಮನೆ ಬಿಟ್ಟಿದ್ದಳು. ಡಿಸೆಂಬರ್ 11ರ ನಸುಕಿನಲ್ಲಿ ಅವನು ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಪರಾರಿಯಾದ. ಫ್ಯಾವರ್‌ಶಮ್ ಬಳಿ ಮೀನುಗಾರರು ಹಿಡಿದರು. ಅವರು ಗುರುತಿಸಿದ್ದು ಮೊದಲು ರಾಜನನ್ನಲ್ಲ, ಜೊತೆಗಿದ್ದ ಹೇಲ್ಸ್‌ನನ್ನು, ಅವನು ಅದೇ ಸೀಮೆಯವನು. ವಾಪಸು ಕರೆತಂದ ರಾಜ 23ರಂದು ಎರಡನೇ ಸಲ ಓಡಿದಾಗ ಕಾವಲುಗಾರರೇ ಕಂಡೂ ಕಾಣದಂತೆ ಬಿಟ್ಟರು. 1689ರ ಫೆಬ್ರವರಿ 13ರಂದು ಹಕ್ಕುಗಳ ಘೋಷಣೆಯನ್ನು ಓದಿ ಹೇಳಿ ವಿಲಿಯಂ, ಮೇರಿ ಇಬ್ಬರಿಗೂ ಕಿರೀಟ ಕೊಟ್ಟರು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಕಾಯ್ದೆ ಅಮಾನತು ಮಾಡುವುದು, ಶಾಂತಿಯ ಕಾಲದಲ್ಲಿ ಸೈನ್ಯ ಇಡುವುದು ಕಾನೂನುಬಾಹಿರ ಎಂಬ ಮಾತುಗಳು ಅದರಲ್ಲಿದ್ದವು. ಇಂಗ್ಲೆಂಡಿನಲ್ಲಿ ಹೆಚ್ಚು ರಕ್ತ ಹರಿಯಲಿಲ್ಲ ನಿಜ. ಐರ್ಲೆಂಡಿನವರನ್ನು ಕೇಳಿದರೆ ಹಾಗೆ ಹೇಳುವುದಿಲ್ಲ, 1691ರವರೆಗೆ ಅಲ್ಲಿ ಯುದ್ಧ ನಡೆಯಿತು.

ಜೇಮ್ಸ್‌ನನ್ನು ಎದುರಿಸಿ ಸೆರೆಮನೆಗೆ ಹೋದ ಏಳು ಬಿಷಪ್ಪರಲ್ಲಿ ಐವರು, ಸ್ಯಾಂಕ್ರಾಫ್ಟ್ ಸೇರಿ, ಹೊಸ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪಲಿಲ್ಲ. ಜೇಮ್ಸ್‌ಗೆ ಕೊಟ್ಟ ಮಾತನ್ನು ಮುರಿಯಲಾರೆವು ಎಂದರು. ಸ್ಯಾಂಕ್ರಾಫ್ಟ್ ಆರ್ಚ್‌ಬಿಷಪ್ ಪದವಿಯನ್ನೇ ಕಳೆದುಕೊಂಡು ಊರಿಗೆ ಹೋದ. ಇಷ್ಟು ನಿಷ್ಠೆಯ ಜನ ಜೇಮ್ಸ್‌ನ ಬಳಿ ಇದ್ದರು ಎಂಬುದನ್ನು ನೋಡಿದರೆ ನಿಮ್ಮ ಮೊದಲ ಪ್ರಶ್ನೆಗೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ದೇಶದ ನಂಟು. ಜೇಮ್ಸ್ ಈಸ್ಟ್ ಇಂಡಿಯಾ ಕಂಪನಿಯ ಷೇರುದಾರ, ಕಂಪನಿಯ ಮುಖ್ಯಸ್ಥ ಜೋಸಯ್ಯ ಚೈಲ್ಡ್ ಅವನಿಗೆ ಆಪ್ತ. ಕಂಪನಿಯನ್ನು ಬಿಟ್ಟು ಬೇರೆಯವರು ಭಾರತದ ವ್ಯಾಪಾರಕ್ಕೆ ಕೈಹಾಕಬಾರದು ಎಂದು ರಾಜ ತನ್ನ ವಿಶೇಷಾಧಿಕಾರದಿಂದಲೇ ತಡೆಯಬಹುದು ಎಂದು 1685ರಲ್ಲಿ ತೀರ್ಪು ಕೊಟ್ಟದ್ದು ಅದೇ ಜೆಫ್ರೀಸ್. ಔರಂಗಜೇಬ್ ಬಿಜಾಪುರವನ್ನು ವಶಪಡಿಸಿಕೊಂಡ 1686ರಲ್ಲೇ ಕಂಪನಿ ರಾಜನ ಬಲ ನಂಬಿ ಮೊಗಲರ ಜೊತೆ ಯುದ್ಧಕ್ಕಿಳಿಯಿತು. ಮುಂಬಯಿಗೆ ಮುತ್ತಿಗೆ ಬಿದ್ದು, 1690ರಲ್ಲಿ ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತು ಕ್ಷಮೆ ಕೇಳಿತು. ಅಷ್ಟರಲ್ಲಿ ಲಂಡನ್ನಿನಲ್ಲಿ ಅದರ ರಾಜ ಹೋಗಿದ್ದ. ಪಾರ್ಲಿಮೆಂಟಿನ ಕಾಯ್ದೆ ತಡೆಯದ ಹೊರತು ಭಾರತದ ವ್ಯಾಪಾರಕ್ಕೆ ಎಲ್ಲ ಇಂಗ್ಲಿಷರಿಗೂ ಸಮಾನ ಹಕ್ಕಿದೆ ಎಂದು 1694ರಲ್ಲಿ ಕಾಮನ್ಸ್ ಸಭೆ ನಿರ್ಣಯಿಸಿತು. 1698ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದಲೇ ಎದುರಾಳಿ ಕಂಪನಿಯೊಂದು ಹುಟ್ಟಿತು, 1709ರ ಹೊತ್ತಿಗೆ ಎರಡೂ ಒಂದಾದವು. ಅಲ್ಲಿಂದ ಮುಂದೆ ಕಂಪನಿಯ ಹಕ್ಕುಪತ್ರಕ್ಕೆ ಅರಮನೆಯ ಮರ್ಜಿಯಷ್ಟೇ ಸಾಲುತ್ತಿರಲಿಲ್ಲ. 1773ರಲ್ಲಿ ವಾರನ್ ಹೇಸ್ಟಿಂಗ್ಸ್‌ನನ್ನು ಗವರ್ನರ್ ಜನರಲ್ ಮಾಡಿದ ರೆಗ್ಯುಲೇಟಿಂಗ್ ಆಕ್ಟ್ ಪಾರ್ಲಿಮೆಂಟಿನದೇ ಕಾಯ್ದೆ.